ಹುಣ್ಣಿಮೆಗೆ ಮಿಡಿಯುವ ಸುರಂಗ

ಜಿನೀವಾದ ರೈಲು ನಿಲ್ದಾಣದ ಎದುರು 18ನೇ ನಂಬರಿನ ಟ್ರಾಮ್ ಹತ್ತಿದೆ. ಊರು ಹಿಂದೆ ಸರಿದು ಜೂರಾ ಬೆಟ್ಟಸಾಲು ಹತ್ತಿರವಾದಾಗ ಕೊನೆಯ ನಿಲ್ದಾಣ ಬಂತು: ಸರ್ನ್, ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ. ಅಂದು 2019ರ ಸೆಪ್ಟೆಂಬರ್ 14, ಶನಿವಾರ. ನೆಲದಡಿಯ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಅಲ್ಲಿನ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರನ್ನು ದುರಸ್ತಿಗೆಂದು ನಿಲ್ಲಿಸಿದ್ದರಿಂದ, ಆ ಎರಡು ದಿನ ನನ್ನಂಥ ಸಾಮಾನ್ಯರಿಗೂ ಪಾತಾಳದ ಬಾಗಿಲು ತೆರೆದಿತ್ತು.

ತಲೆಗೆ ಹೆಲ್ಮೆಟ್ ಹಾಕಿಕೊಂಡು ಲಿಫ್ಟಿನಲ್ಲಿ ಇಳಿದೆವು. ಸುಮಾರು ನೂರು ಮೀಟರ್ ಆಳ. ಬಾಗಿಲು ತೆರೆದುಕೊಂಡಾಗ ಎದುರಿಗೆ ನೀಲಿ ಬಣ್ಣದ ದಪ್ಪ ಕೊಳವೆಗಳ ಸಾಲು. ಒಂದೊಂದೂ 15 ಮೀಟರ್ ಉದ್ದ, 30 ಟನ್ನಿಗೂ ಮಿಗಿಲಾದ ತೂಕ, ಒಳಗೆ ಅಯಸ್ಕಾಂತ. ಇಂಥವು 1,232. ನಿಂತಲ್ಲಿಂದ ನೋಡಿದರೆ ಸುರಂಗ ನೇರವಾಗಿಯೇ ಇದೆ ಅನ್ನಿಸುತ್ತದೆ. ದೂರದಲ್ಲಿ ಮಾತ್ರ ಮೆಲ್ಲಗೆ ಹೊರಳಿ ಕಣ್ಮರೆಯಾಗುತ್ತದೆ. ಹೀಗೇ ಹೊರಳುತ್ತ ಸ್ವಿಟ್ಜರ್ಲೆಂಡಿನಿಂದ ಫ್ರಾನ್ಸಿಗೆ ಹೋಗಿ, 27 ಕಿಲೋಮೀಟರ್ ಸುತ್ತಿ ಮತ್ತೆ ಇಲ್ಲಿಗೇ ಬರುತ್ತದೆ.

ಯಂತ್ರ ಎಚ್ಚರವಿದ್ದಾಗ ಪ್ರೋಟಾನುಗಳು ಈ ದಾರಿಯನ್ನು ಸೆಕೆಂಡಿಗೆ 11,245 ಸಲ ಸುತ್ತುತ್ತವೆ. ಎದುರುಬದುರಾಗಿ ಧಾವಿಸುವ ಎರಡು ಕಣಧಾರೆಗಳು ಡಿಕ್ಕಿಯಾಗುವ ಜಾಗದಲ್ಲಿ ಕೂದಲೆಳೆಗಿಂತ ತೆಳ್ಳಗಿರುತ್ತವೆ. ಅಷ್ಟು ಸಣ್ಣದು ಅಷ್ಟೇ ಸಣ್ಣದಕ್ಕೆ ತಾಗಬೇಕು! ಹಾಗಾಗಲು ಪಕ್ಕಪಕ್ಕದ ಅಯಸ್ಕಾಂತಗಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಸಾಲುಗೂಡಬೇಕು. 2012ರ ಜುಲೈ 4ರಂದು ಘೋಷಿಸಿದ ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿದ್ದು ಹೀಗೆ ಸಾಲುಗೂಡಿಸಿದ ದಾರಿಯಲ್ಲಿಯೇ.

ಸಾಲುಗೂಡಿಸುವುದು ಹೇಗೆ? ಡಿಕ್ಕಿಯ ಜಾಗದ ಎರಡೂ ಬದಿಯ ಅಯಸ್ಕಾಂತಗಳ ಬಳಿ, ಪೈಪಿನಿಂದ ಒಂದಕ್ಕೊಂದು ಸೇರಿಸಿದ ನೀರಿನ ಪಾತ್ರೆಗಳಿವೆ, ಬಿಗಿದು ಎಳೆದ ತೆಳು ತಂತಿಗಳಿವೆ ಎಂದು ನಮ್ಮನ್ನು ಕರೆದೊಯ್ದವರು ವಿವರಿಸಿದರು. ನೀರು ಎತ್ತರ ಹೇಳುತ್ತದೆ, ತಂತಿ ಅಕ್ಕಪಕ್ಕದ ಸರಿದಾಟ ಹೇಳುತ್ತದೆ. ಅದನ್ನು ಸಂವೇದಕಗಳು ಮೈಕ್ರಾನ್ ಲೆಕ್ಕದಲ್ಲಿ ಓದುತ್ತವೆ. ನಾನು ಬೆರಗಾದೆ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ದಾರ ಎಳೆದು, ಪೈಪಿಗೆ ನೀರು ತುಂಬಿ ಮಟ್ಟ ನೋಡುತ್ತಿದ್ದರಲ್ಲ, ಅದೇ ವಿದ್ಯೆ! ಆದರೆ ಇಲ್ಲಿ ನೀರಿನ ಮಾತನ್ನೂ ಹಾಗೇ ನಂಬುವಂತಿಲ್ಲ. ಜೂರಾ ಬೆಟ್ಟಗಳ ರಾಶಿ ತೂಗುಗುಂಡನ್ನೂ ನೀರನ್ನೂ ತನ್ನ ಕಡೆಗೆ ಒಂದಿಷ್ಟು ಸೆಳೆಯುತ್ತದೆ. ಆ ಸೆಳೆತವನ್ನೂ ಲೆಕ್ಕದಲ್ಲಿ ಕಳೆಯಬೇಕು.

ಬಗ್ಗಿ ಒಂದು ಅಯಸ್ಕಾಂತದ ಬುಡ ನೋಡಿದೆ. ಅಷ್ಟು ದೊಡ್ಡ ಮೈ ಮೂರೇ ಮೂರು ಜಾಕುಗಳ ಮೇಲೆ ಕೂತಿದೆ. ಗಿಡ್ಡ, ಗಟ್ಟಿ, ಉಕ್ಕಿನವು. ಇವುಗಳ ತಿರುಪು ತಿರುಗಿಸಿದರೆ ಆ ಭಾರವೆಲ್ಲ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ ಸರಿಯುವಂತೆಯೂ ಮಾಡಬಹುದು. ಇಂಥ ಸುಮಾರು 7,000 ಜಾಕುಗಳನ್ನು ಕೊಟ್ಟಿದ್ದು ಭಾರತ. ಅವು ತಯಾರಾದದ್ದು ಇಂದೋರಿನಲ್ಲಿ ಮತ್ತು ನಮ್ಮ ಬೆಂಗಳೂರಿನಲ್ಲಿ. ನನ್ನೂರಿನ ಯಾವುದೋ ಕಾರ್ಖಾನೆಯ ಲೇತಿನ ಮುಂದೆ ನಿಂತು ಯಾರೋ ಕೊರೆದ ಉಕ್ಕು, ಇಲ್ಲಿ ವಿಶ್ವದ ಆದಿಯನ್ನು ಹುಡುಕುವ ಯಂತ್ರವನ್ನು ಹೊತ್ತು ನಿಂತಿದೆ. ಗಂಟಲು ಕಟ್ಟಿತು.

ಮೇಲೆ ಬರುವ ಮುನ್ನ ನಮ್ಮನ್ನು ಕರೆದೊಯ್ದವರು ಇನ್ನೊಂದು ಸಂಗತಿ ಹೇಳಿದರು. ಇದೇ ಸುರಂಗದಲ್ಲಿ ಹಿಂದೆ ಲೆಪ್ ಎಂಬ ಯಂತ್ರವಿತ್ತು. 1990ರ ದಶಕದಲ್ಲಿ ಅದರ ಕಣಗಳ ಶಕ್ತಿ ದಿನವೂ ತುಸು ಏರಿಳಿಯುವುದು ಕಂಡಿತು. ಕಾರಣ ಚಂದ್ರ! ಕಡಲನ್ನು ಉಬ್ಬಿಸುವ ಹಾಗೆಯೇ ಅವನು ನೆಲವನ್ನೂ ಉಬ್ಬಿಸುತ್ತಾನೆ. 27 ಕಿಲೋಮೀಟರಿನ ಸುರಂಗ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಜಿನೀವಾ ಸರೋವರದ ನೀರು ಏರಿಳಿದರೂ ನೆಲ ಮಿಸುಕುತ್ತದೆ. ಅಲುಗದ ನೆಲ ಎಂಬುದೇ ಇಲ್ಲ. ಅದಕ್ಕೇ ಇವರ ಅಳತೆಗೆ ಮುಗಿತಾಯವಿಲ್ಲ.

ಸಂಜೆ ಕತ್ತಲಾಗುವಾಗ ಟ್ರಾಮಿಗೆ ಕಾಯುತ್ತ ನಿಂತೆ. ಅಂದು ಭಾದ್ರಪದದ ಹುಣ್ಣಿಮೆ. ಆಲ್ಪ್ಸ್ ದಿಕ್ಕಿಗೆ ಮುಖ ಮಾಡಿ ಚಂದ್ರನಿಗಾಗಿ ಕಾದೆ. ಅವನು ಏರತೊಡಗಿದಂತೆ ನನ್ನ ಕಾಲಡಿಯ ನೆಲವೂ, ಬೆಂಗಳೂರಿನ ಆ ಉಕ್ಕೂ ಅವನ ಕಡೆಗೆ ಒಂದಿಷ್ಟು ಏಳುತ್ತಿದ್ದವು.