ಅಸಲಿ ಕಾನ್ವೆಂಟು

ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ಗೇಟಿನ ಮುಂದೆ ಒಂದು ಹಳದಿ ವ್ಯಾನು ಬಂದು ನಿಂತು ಹಾರ್ನ್ ಹೊಡೆಯುತ್ತದೆ. ಎದುರುಮನೆ ಹುಡುಗ ಒಂದು ಕಾಲಿಗೆ ಸಾಕ್ಸು, ಒಂದು ಕೆನ್ನೆಗೆ ಇಡ್ಲಿ ತುರುಕಿಕೊಂಡು ಬರುವ ತನಕ ಹೊಡೆಯುತ್ತಲೇ ಇರುತ್ತದೆ. ಇವತ್ತು ಜಗಳಕ್ಕೆಂದೇ ಹೊರಗೆ ಹೋದೆ. ಹೋದವನು ವ್ಯಾನಿನ ಮೈಮೇಲಿನ ಬರಹವನ್ನು ಮೊದಲ ಸಲ ಪೂರ್ತಿ ಓದಿ ಜಗಳ ಮರೆತೆ. ಮೊದಲು ನಮ್ಮ ಕಡೆಯದೇ ಒಂದು ದೇವರ ಹೆಸರು, ಅದರ ಬಾಲಕ್ಕೆ ‘ಕಾನ್ವೆಂಟ್’. ಗಾಜಿನ ಮೇಲೆ ಗಣಪತಿ, ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ.

ಒಳಗೆ ಬಂದರೆ ಬೆಂಗಳೂರಿನಿಂದ ಮಗಳ ಫೋನು. “ಅಪ್ಪಾ, ಪಾಪೂಗೆ ಕಾನ್ವೆಂಟ್ ನೋಡ್ತಿದೀವಿ. ಅಸಲಿ ಕಾನ್ವೆಂಟು! ಪಕ್ಕದ್ಮನೆ ಸಿಸ್ಟರ್ ಆಂಟಿಗೆ ಅಲ್ಲಿ ಯಾರಾದ್ರೂ ಗೊತ್ತಿದಾರಾ ಕೇಳಿ.”

ಪಕ್ಕದ ಮನೆಯ ಸಿಸ್ಟರು ಮಠದ ಸಿಸ್ಟರಲ್ಲ, ನರ್ಸು. ನಮ್ಮ ಹಾಸನದಲ್ಲಿ ಮಿಷನ್ ಆಸ್ಪತ್ರೆ ಅಂತಲೇ ಕರೆಯುವ ರೆಡ್‌ಫರ್ನ್ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಕಾಂಪೌಂಡಿನ ಮೇಲಿಂದಲೇ ಕೇಳಿದೆ. ನಕ್ಕರು. “ಅಯ್ಯೋ ಸಾರ್, ನನ್ನ ಮೊಮ್ಮಗನಿಗೇ ಆಗ್ಲಿಲ್ಲ. ದೀಕ್ಷಾಸ್ನಾನದ ಸರ್ಟಿಫಿಕೇಟು ಲ್ಯಾಮಿನೇಷನ್ ಮಾಡಿಸ್ಕೊಂಡೇ ಹೋಗಿದ್ರು. ಅಲ್ಲಿ ಕೇಳಿದ್ದು ಕ್ಯಾಥೊಲಿಕ್ ಫಾದರ್ ಕೊಟ್ಟ ಕಾಗದ. ನಾವು ಸಿ.ಎಸ್.ಐ.”

ಅಳಿಯ ಕಳಿಸಿದ ಪಟ್ಟಿಯಲ್ಲಿ ಈ ಭೇದ ಒಂದೂ ಇರಲಿಲ್ಲ. ಎಲ್ಲದಕ್ಕೂ ಒಂದೇ ತಲೆಬರಹ, ಕಾನ್ವೆಂಟು. ಬಿಷಪ್ ಕಾಟನ್ ಶಾಲೆ 1865ರದು, ಆಂಗ್ಲಿಕನ್ನರು ಕಟ್ಟಿದ್ದು. ಬಾಲ್ಡ್ವಿನ್ 1880ರದು, ಮೆಥಡಿಸ್ಟರದು. ಸೇಂಟ್ ಜೋಸೆಫ್ಸ್ 1858ರದು. ಫ್ರೆಂಚ್ ಪಾದ್ರಿಗಳು ಕಟ್ಟಿ, 1937ರಲ್ಲಿ ಜೆಸ್ವಿಟರಿಗೆ ಒಪ್ಪಿಸಿದರು. ನೆಟ್ಟಗೆ ಹೇಳಬೇಕೆಂದರೆ ಇವು ಯಾವುವೂ ಕಾನ್ವೆಂಟಲ್ಲ. ಕಾನ್ವೆಂಟು ಅಂದರೆ ಸನ್ಯಾಸಿನಿಯರ ಮನೆ. 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರುಗಳು ಬಂದು ತೆರೆದ ಸೇಕ್ರೆಡ್ ಹಾರ್ಟ್ ಬೇಕಾದರೆ ಆ ಹೆಸರಿಗೆ ಹಕ್ಕುದಾರ. ಡೊನೇಷನ್ನು, ಫೀಸು, ಅಲ್ಪಸಂಖ್ಯಾತರ ಶಾಲೆಗಳಿಗೆ ಆರ್.ಟಿ.ಇ. ಅನ್ವಯಿಸುವುದಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು ಇವೆಲ್ಲ ಅಳಿಯನ ತಲೆನೋವು, ಅವನಿಗೇ ಇರಲಿ.

ನನ್ನನ್ನು ಹಿಡಿದದ್ದು ಆ ಪದ. ಚನ್ನರಾಯಪಟ್ಟಣದಿಂದ ಅರಕಲಗೂಡಿನ ತನಕ ಬಸ್ಸಿನಲ್ಲಿ ಕೂತು ಬೋರ್ಡು ಎಣಿಸಿ, ಇಂಗ್ಲಿಷ್ ಹೇಳಿಕೊಡುವುದೆಲ್ಲ ಕಾನ್ವೆಂಟೇ. ಹೊಳೆನರಸೀಪುರದ ನಮ್ಮ ಬೀಗರು ತಮ್ಮೂರಿನ ಸರಸ್ವತಿ ಪೂಜೆಯ ಶಾಲೆಯನ್ನೂ ‘ಕಾನ್ವೆಂಟು’ ಅಂತಲೇ ಹೇಳುತ್ತಾರೆ. ಮೊದಲು ನಗು ಬಂತು. ಆಮೇಲೆ ನಮ್ಮ ತಾತ ಓದಿದ್ದು ಎಲ್ಲಿ ಅಂತ ನೆನಪಾಗಿ ನಗು ನಿಂತಿತು. ತಾತ ಓದಿದ್ದು ಕೂಲಿಮಠದಲ್ಲಿ. ಜಗುಲಿಯ ಮೇಲೆ ಮರಳು ಹರವಿ, ಬೆರಳು ಸವೆಯುವ ಹಾಗೆ ಕಾಗುಣಿತ ತಿದ್ದಿಸಿ, ಮಗ್ಗಿ ಒಪ್ಪಿಸಿಕೊಂಡು, ಊರವರು ಕೊಟ್ಟ ರಾಗಿಯನ್ನೇ ಸಂಬಳ ಅಂದುಕೊಂಡ ಐಗಳ ಶಾಲೆ. ಅಲ್ಲಿ ಜಗದ್ಗುರುಗಳೂ ಇರಲಿಲ್ಲ, ಪೀಠವೂ ಇರಲಿಲ್ಲ. ಆದರೂ ಅದು ಮಠ. ಸನ್ಯಾಸಿ ಮನೆಯ ಹೆಸರನ್ನು ಪಾಠದ ಮನೆಗೆ ಇಡುವುದು ನಮಗೆ ಹಳೇ ಚಾಳಿ. ಕಾನ್ವೆಂಟು ಅಂದರೆ ಮಠ, ಮಠ ಅಂದರೆ ಸ್ಕೂಲು. ಹಾಗೆ ನೋಡಿದರೆ ಆ ಹಳದಿ ವ್ಯಾನಿನ ಮೇಲೆ ಬರೆದದ್ದು ಅಪ್ಪಟ ಕನ್ನಡ!

ಈ ಸಂಶೋಧನೆಯನ್ನು ಯಾರಿಗಾದರೂ ಹೇಳಲೇಬೇಕಿತ್ತು. ಮನೆಯಾಕೆ ಆಲೂಗಡ್ಡೆ ಹೆಚ್ಚುತ್ತಿದ್ದಳು; ತಲೆ ಎತ್ತಲಿಲ್ಲ. ಕಿಟೆಲ್ ಬದುಕಿದ್ದರೆ ಕೇಳಿಸಿಕೊಳ್ಳುತ್ತಿದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಧರ್ಮ ಸಾರಲು ಬಂದ ಆ ಜರ್ಮನ್ ಪಾದ್ರಿ, ಸುಮಾರು 70,000 ಶಬ್ದ ಕೂಡಿಸಿ 1894ರಲ್ಲಿ ನಿಘಂಟು ಅಚ್ಚು ಹಾಕಿಸಿದರು. ಈಗ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿದ್ದಾರೆ. ಅಪ್ಲಿಕೇಷನ್ನಿಗೆ ಅಲೆಯುವ ತಂದೆತಾಯಿಯರ ಎಷ್ಟು ಕಾರು ಅವರ ಮುಂದೆ ಸಿಗ್ನಲ್ಲಿಗೆ ನಿಲ್ಲುತ್ತವೋ. ಮನೆಯಲ್ಲೂ ಕನ್ನಡ ಬೇಡ, ಇಂಗ್ಲಿಷಿನಲ್ಲೇ ಮಾತಾಡಿಸಿ ಅಂತ ನನ್ನ ಮಗಳಿಗೂ ಯಾರೋ ಹೇಳಿದ್ದಾರಂತೆ. ನನ್ನ ಜೊತೆ ಮಾತಾಡುವಾಗ ಮಗು ಈಗ ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸುತ್ತದೆ.

ಹೋದ ಬೇಸಿಗೆಯಲ್ಲಿ ರೈಲಿನಲ್ಲಿ ಬಂದಿದ್ದಾಗ ಹಾಗಿರಲಿಲ್ಲ. ಬಾಯಿ ತುಂಬ ಕನ್ನಡ. ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಫ್ರೆಂಚ್ ಪಾದ್ರಿಗಳು ಕಟ್ಟಿದ ಇಗರ್ಜಿ ಅದು. ಗೊರೂರಿನ ಅಣೆಕಟ್ಟೆ ಬಂದ ಮೇಲೆ ಊರು ಎದ್ದುಹೋಯಿತು, ಇಗರ್ಜಿ ಮಾತ್ರ ಉಳಿಯಿತು. ಬೇಸಿಗೆಯಲ್ಲಿ ಬಾಗಿಲ ತನಕ ನಡೆದು ಹೋಗಬಹುದು, ಮಳೆಗಾಲದಲ್ಲಿ ಹೇಮಾವತಿ ಒಳಗೆ ಬರುತ್ತಾಳೆ. ಗೋಡೆಗೆ ನೀರು ಏರಿಳಿದ ಗೆರೆಗಳು, ಇಟ್ಟಿಗೆ ಸಂದಿಯಲ್ಲಿ ಒಣಗಿದ ಕೆಸರು, ಕಮಾನಿನಲ್ಲಿ ಪಾರಿವಾಳ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಂತೆ ಅಂತ ಯಾರೋ ಅಂದರು. ಮಗು ಗೋಡೆ ನೆಕ್ಕಿ ನೋಡಿತು.

“ತಾತ, ನೀರು ಬಂದ್ಮೇಲೆ ಒಳಗೆ ಯಾರು ಕೂತ್ಕೋತಾರೆ?”

“ಮೀನು” ಅಂದಿದ್ದೆ.

ಸಂಜೆ ಮಗಳದ್ದು ಮತ್ತೆ ಫೋನು. ಇಂಟರ್‌ವ್ಯೂಗೆ (ಹಾಗನ್ನಬಾರದಂತೆ, ‘ಇಂಟರಾಕ್ಷನ್’ ಅನ್ನಬೇಕಂತೆ) ಮಗುವನ್ನು ತಯಾರು ಮಾಡುತ್ತಿದ್ದಾಳೆ. ಚರ್ಚಿಗೆ ಯಾರು ಹೋಗ್ತಾರೆ ಅಂತ ಇಂಗ್ಲಿಷಿನಲ್ಲಿ ಕೇಳಿದಳಂತೆ. ಮಗು ಇಂಗ್ಲಿಷಿನಲ್ಲೇ ಹೇಳಿತಂತೆ, “ಫಿಶ್.”

“ಇದನ್ನ ಯಾರಪ್ಪಾ ಹೇಳ್ಕೊಟ್ಟಿದ್ದು?” ಅಂತ ಕೇಳುತ್ತಿದ್ದಾಳೆ.