ಸ್ಯಾನ್ ವಾನ್ ದ್ವೀಪದಲ್ಲೊಂದು ಅವಿಭಕ್ತ ಕುಟುಂಬ

ತಂಗಿಯ ಬಾಣಂತನ ಮುಗಿಸಿದ ಅವ್ವನನ್ನು ಕರೆತರಲು, ಕಳೆದ ಜುಲೈಯಲ್ಲಿ ಹದಿನೈದು ದಿನದ ರಜೆ ಪಡೆದು ಅಮೆರಿಕೆಯ ಸಿಯಾಟಲ್ ನಗರಕ್ಕೆ ಹೋಗಿದ್ದೆ. ಮರಳುವ ಮುನ್ನ ಒಂದು ದಿನ ಮನೆಮಂದಿಯೆಲ್ಲ ಅನಾಕೋರ್ಟಿಸ್ ಬಂದರಿನಿಂದ ಕಾರುಗಳನ್ನೂ ಹೊತ್ತೊಯ್ಯುವ ಹಡಗನ್ನೇರಿ, ಕಾಡು ಹೊದ್ದ ನಡುಗಡ್ಡೆಗಳ ನಡುವೆ ಸಾಗಿ, ಸ್ಯಾನ್ ವಾನ್ ದ್ವೀಪವನ್ನು ಸೇರಿದೆವು.

ದ್ವೀಪದ ಪಡುವಣ ದಂಡೆಯಲ್ಲಿ ಲೈಮ್ ಕಿಲ್ನ್ ಎಂಬ ತಾಣವಿದೆ. ಹಿಂದೆ ಇಲ್ಲಿ ಸುಣ್ಣದ ಭಟ್ಟಿಗಳಿದ್ದವು. ೧೯೧೯ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕುಳಿತರೆ, ದೋಣಿಯ ಹಂಗಿಲ್ಲದೆ ಓರ್ಕಾ ತಿಮಿಂಗಿಲಗಳನ್ನು ನೋಡಬಹುದು, ಅವು ಬಂದರೆ! ನಾವು ತಂದಿದ್ದ ಬುತ್ತಿ ಮುಗಿಯಿತು, ಕೂಸು ಎರಡು ನಿದ್ದೆ ತೆಗೆಯಿತು.

ಮೂರು ಗಂಟೆಯ ಸುಮಾರಿಗೆ 'ಫುಸ್' ಎಂಬ ಸದ್ದು ಕೇಳಿಸಿತು. ನೀರಿನಿಂದ ಆಳೆತ್ತರದ ಕರಿಯ ರೆಕ್ಕೆಯೊಂದು ಎದ್ದಿತು. ಅದರ ಮಗ್ಗುಲಲ್ಲೇ ಗಿಡ್ಡನೆಯ ಇನ್ನೊಂದು ರೆಕ್ಕೆ.

"ಅದು ಮರಿ ಏನು?" ಎಂದಳು ಅವ್ವ.

"ಅಲ್ಲವ್ವ, ಅದು ತಾಯಿ ಇರಬೇಕು. ಎತ್ತರದ್ದು ಮಗ."

ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ ಅವರು ೧೯೭೦ರ ದಶಕದಲ್ಲಿ ಬೆನ್ನಿನ ರೆಕ್ಕೆಯ ಚಿತ್ರಗಳಿಂದ ಇವುಗಳನ್ನು ಒಂದೊಂದಾಗಿ ಗುರುತಿಸತೊಡಗಿದರು. ಆಗ ತಿಳಿದುಬಂದ ಸಂಗತಿ ಸೋಜಿಗದ್ದು: ಹೆಣ್ಣಾಗಲಿ ಗಂಡಾಗಲಿ, ಇಲ್ಲಿನ ಓರ್ಕಾ ತನ್ನ ತಾಯಿಯನ್ನು ಬಾಳಿಡೀ ಅಗಲುವುದಿಲ್ಲ. ಅಜ್ಜಿ, ಆಕೆಯ ಮಕ್ಕಳು, ಮೊಮ್ಮಕ್ಕಳು ಸೇರಿ ಒಂದು ಮನೆತನ. ಇಂಥ ಮನೆತನಗಳು ಕೂಡಿ ಜೆ, ಕೆ, ಎಲ್ ಎಂಬ ಮೂರು ಬಳಗಗಳು. ಪ್ರತಿ ಬಳಗಕ್ಕೂ ತನ್ನದೇ ಆದ ಕೂಗಿನ ನುಡಿಯುಂಟು. ಮರಿಗಳು ಅದನ್ನು ಮನೆಯವರಿಂದಲೇ ಕಲಿಯುತ್ತವೆ. ಹೆರುವ ವಯಸ್ಸು ಮುಗಿದ ಮೇಲೂ ಅಜ್ಜಿಯರು ಹಲವು ವರ್ಷ ಬದುಕಿ, ಸಾಲ್ಮನ್ ಮೀನು ವಿರಳವಾದ ವರ್ಷಗಳಲ್ಲಿ ಮುಂದಾಳುಗಳಾಗುತ್ತಾರೆ. ಬೆಳೆದ ಮಗನಿಗೂ ತಾಯಿ ತನ್ನ ಮೀನಿನಲ್ಲಿ ಪಾಲು ಕೊಡುತ್ತಾಳೆ. ಮೂವತ್ತು ದಾಟಿದ ಮಗನೂ ತಾಯಿ ತೀರಿದ ವರ್ಷದೊಳಗೆ ಸಾಯುವ ಸಂಭವ ಅನೇಕ ಪಟ್ಟು ಹೆಚ್ಚೆಂದು ೨೦೧೨ರ ಅಧ್ಯಯನವೊಂದು ತೋರಿಸಿತು.

ಇಂಥ ಕುಟುಂಬಗಳನ್ನೂ ಮನುಷ್ಯ ಬಿಡಲಿಲ್ಲ. ೧೯೭೦ರಲ್ಲಿ ಪೆನ್ ಕೋವ್ ಎಂಬಲ್ಲಿ ಬಲೆಯೊಡ್ಡಿ, ಮರಿಗಳನ್ನು ಹಿಡಿದು ಪ್ರದರ್ಶನಕ್ಕೆ ಮಾರಿದರು. ಈಗ ಮೂರು ಬಳಗ ಸೇರಿದರೂ ಎಂಬತ್ತು ಇಲ್ಲ. ೨೦೧೮ರಲ್ಲಿ ತಾಯಿಯೊಂದು ಸತ್ತ ಕೂಸನ್ನು ಹದಿನೇಳು ದಿನ ಹೊತ್ತು ಈಜಿತೆಂದು ತಂಗಿ ಹೇಳಿದಾಗ, ಅವ್ವ ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಗಂಡಮಕ್ಕಳೂ ತಾಯಿನ್ನ ಬಿಟ್ಟು ಹೋಗಂಗಿಲ್ಲೇನು?" ಎಂದು ಕೇಳಿದಳು.

"ಇಲ್ಲವ್ವ," ಎಂದೆ. ಅವಳಿರುವುದು ಧಾರವಾಡದಲ್ಲಿ, ನಾನಿರುವುದು ಪುಣೆಯಲ್ಲಿ. ಅವಳು ಮತ್ತೇನೂ ಕೇಳಲಿಲ್ಲ.

ಮರಳುವ ಹಡಗಿನಲ್ಲಿ ಅವ್ವ ಕೂಸಿನೊಡನೆ ಧಾರವಾಡದ ಮಾತಿನಲ್ಲಿ ಏನೇನೋ ಹೇಳುತ್ತಿದ್ದಳು. ಕೂಸು 'ಹೂಂ, ಹೂಂ' ಎನ್ನುತ್ತಿತ್ತು. ಫೋನಿನಲ್ಲಿ ಅಜ್ಜಿಗೆ ಮರಾಠಿಯಲ್ಲಿ ಉತ್ತರ ಕೊಡುವ ನನ್ನ ಮಗನ ನೆನಪಾಯಿತು. ಬರುವ ಬೇಸಗೆ ರಜೆ ಪೂರ್ತಿ ಅವನು ಧಾರವಾಡದಲ್ಲಿರಬೇಕೆಂದು ಅಲ್ಲಿಯೇ ನಿಶ್ಚಯಿಸಿದೆ. ಕೆಲವು ದಿನವಾದರೂ ನಾನೂ ಜೊತೆಗಿರುವೆ.