ಗೈಡ್ ತೋರಿಸದ ಹಂಪಿ

ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯವರಿಗೆ ಹಂಪಿ ಎಂದರೆ ಮನೆಯ ಹಿತ್ತಲಿದ್ದಂತೆ. ಹಿತ್ತಲನ್ನು ಯಾರಾದರೂ ನೋಡಲು ಹೋಗುತ್ತಾರೆಯೇ? ದೇಶ ವಿದೇಶಗಳಿಂದ ಜನ ಬಂದು ನೋಡುವ ಊರನ್ನು ನಮ್ಮಲ್ಲಿ ಎಷ್ಟೋ ಹೆಂಗಸರು ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ನೋಡಿಲ್ಲ. ಮಕ್ಕಳು ಶಾಲೆಯ ಪ್ರವಾಸಕ್ಕೆ ಹೋಗಿ ಬಂದು ಹೇಳಿದ್ದಷ್ಟೇ ನಮ್ಮ ಪಾಲಿನ ಹಂಪಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಹೋಗಿದ್ದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ತಾಲೂಕಾಯಿತು. ಆ ಹಳೆಯ ರಾಜಧಾನಿಯ ಹೆಸರು ಈಗ ನಮ್ಮ ವಿಳಾಸದಲ್ಲೇ ಇದೆ.

ನನ್ನ ತಂಗಿಯ ಮಗಳು ಏಳನೇ ತರಗತಿಯವಳು. ಪ್ರವಾಸದಿಂದ ಬಂದವಳೇ ಚೀಲ ಇಳಿಸುತ್ತಾ ಕೇಳಿದಳು: “ಖಾಲಾ, ಅದನ್ನೆಲ್ಲ ಒಡೆದದ್ದು ನಾವಂತೆ, ಹೌದಾ?” ಗೈಡ್ ಹಾಗೆಂದನಂತೆ. ಗೆಳತಿಯರು ಇವಳತ್ತ ತಿರುಗಿ ನೋಡಿದರಂತೆ. ಹನ್ನೆರಡು ವರ್ಷದ ಹುಡುಗಿಗೆ ‘ಅದು ಹಳೆಯ ಕತೆ ಬಿಡು’ ಎಂದರೆ ಸಾಲದು. ಮುಂದಿನ ರಜೆಯಲ್ಲಿ ಅವಳನ್ನೂ ನಾದಿನಿಯರನ್ನೂ ಕಟ್ಟಿಕೊಂಡು ಹೊರಟೆವು. ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ದಾಟಿ ಹೊಸಪೇಟೆ. ಅಲ್ಲಿಂದ ಹಂಪಿ ಹದಿಮೂರು ಕಿಲೋಮೀಟರ್.

ಗೈಡ್‌ಗಳ ಪ್ರವಾಸಕ್ಕೆ ಒಂದು ಹಾದಿ ಬಿದ್ದುಬಿಟ್ಟಿದೆ. ವಿರೂಪಾಕ್ಷ ದೇವಸ್ಥಾನ, ಸಾಸಿವೆಕಾಳು ಗಣೇಶ, ಉಗ್ರನರಸಿಂಹ, ಕಮಲ ಮಹಲ್, ಆನೆಲಾಯ, ಮಹಾನವಮಿ ದಿಬ್ಬ, ರಾಣಿಯರ ಸ್ನಾನಗೃಹ, ಕೊನೆಗೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಆ ರಥವನ್ನು ಕಂಡಾಗ ಮಕ್ಕಳು ನೋಟು ತೆಗೆದು ಪಕ್ಕದಲ್ಲಿ ಹಿಡಿಯುವುದು ವಾಡಿಕೆ. ನಮ್ಮವರೂ ಹಿಡಿದರು.

ನಾವು ಹೆಚ್ಚು ಹೊತ್ತು ಕಳೆದದ್ದು ಕಮಲ ಮಹಲ್ ಮತ್ತು ಆನೆಲಾಯದ ಬಳಿ. ಕಮಲ ಮಹಲಿನ ಕಮಾನುಗಳನ್ನು ನೋಡಿ ನಾದಿನಿ, “ಬಿಜಾಪುರದಲ್ಲಿ ನೋಡಿದ ಹಾಗೇ ಇದೆಯಲ್ಲ” ಎಂದಳು. ಸರಿಯಾಗಿಯೇ ಹೇಳಿದಳು. ಕಮಾನು ಸುಲ್ತಾನರ ಊರುಗಳದು, ಮೇಲಿನ ಗೋಪುರ ದೇವಾಲಯದ್ದು. ಆನೆಲಾಯದಲ್ಲಿ ಹನ್ನೊಂದು ಕೋಣೆಗಳು ಸಾಲಾಗಿ ನಿಂತಿವೆ; ಮೇಲಿನ ಗುಮ್ಮಟಗಳೆಲ್ಲ ಒಂದೇ ಬಗೆಯವಲ್ಲ. ಈ ಆವರಣವನ್ನು ಜನಾನಾ ಎನ್ನುತ್ತಾರಾದರೂ ಇದು ನಿಜಕ್ಕೂ ರಾಣಿವಾಸವಾಗಿತ್ತೇ ಎಂದು ಪುರಾತತ್ವ ತಜ್ಞರಿಗೇ ಸಂಶಯವಿದೆ. ಗೈಡ್ ಮಾತ್ರ ಯಾವ ರಾಣಿ ಎಲ್ಲಿ ಕೂರುತ್ತಿದ್ದಳೆಂದು ಬೆರಳು ಮಾಡಿ ತೋರಿಸಿದ!

ವಿಜಯನಗರದ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಇಟ್ಟುಕೊಂಡಿದ್ದರು. ಸುರತ್ರಾಣವೆಂದರೆ ಸುಲ್ತಾನ. ಆಸ್ಥಾನದಲ್ಲಿ ಅವರು ತೊಡುತ್ತಿದ್ದುದು ಉದ್ದನೆಯ ಕಬಾಯಿ ಮತ್ತು ಎತ್ತರದ ಟೋಪಿ. ತಿರುಪತಿ ಬೆಟ್ಟದಲ್ಲಿರುವ ಕೃಷ್ಣದೇವರಾಯನ ವಿಗ್ರಹದ ತಲೆಯ ಮೇಲಿರುವುದು ಇದೇ ಟೋಪಿ. ಅದರ ಹೆಸರು ಕುಲ್ಲಾಯಿ, ಫಾರಸಿಯ ಕುಲಾಹ್‌ನಿಂದ ಬಂದದ್ದು. ನಮ್ಮ ಕಡೆ ತೊಟ್ಟಿಲ ಕೂಸಿಗೆ ಹೊಲಿದು ಹಾಕುವ ಕುಲಾವಿಯೂ ಅದೇ ಮಾತು!

ಇನ್ನು ಗೈಡ್‌ಗಳ ಹಾದಿಗೆ ಬಾರದ ಜಾಗ. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅಹ್ಮದ್ ಖಾನನ ಮಸೀದಿ ಮತ್ತು ಗೋರಿ ಇವೆ. ಅಹ್ಮದ್ ಖಾನ್ ಎರಡನೇ ದೇವರಾಯನ ಸೇವೆಯಲ್ಲಿದ್ದವನು. 1439ರಲ್ಲಿ ಇದನ್ನು ಕಟ್ಟಿಸಿದ. ಮಿನಾರು, ಗುಮ್ಮಟ, ಕಮಾನು ಯಾವುದೂ ಇಲ್ಲ. ಹೊರಗಿನಿಂದ ನೋಡಿದರೆ ಹಂಪಿಯ ಇನ್ನೊಂದು ಮಂಟಪವೆಂದೇ ದಾಟಿ ಹೋಗಬೇಕು. ಕಂಬಗಳೂ ಆ ಮಂಟಪಗಳಂಥವೇ. ಒಳಗೆ ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬ್ ಕಂಡಾಗಲೇ ಇದು ಮಸೀದಿಯೆಂದು ತಿಳಿಯುವುದು. ಇಲ್ಲಿನ ಶಾಸನ ಅರಬಿಯಲ್ಲೋ ಫಾರಸಿಯಲ್ಲೋ ಇಲ್ಲ, ಕನ್ನಡದಲ್ಲಿದೆ. ತನ್ನ ಒಡೆಯ ದೇವರಾಯನಿಗೆ ಪುಣ್ಯವಾಗಲೆಂದು ಈ ‘ಧರ್ಮಸಾಲೆ’ಯನ್ನು ಕಟ್ಟಿಸಿದ್ದೇನೆಂದು ಅಹ್ಮದ್ ಖಾನ್ ಬರೆಸಿದ್ದಾನೆ. ಮಸೀದಿಗೆ ಅವನು ಆರಿಸಿಕೊಂಡ ಕನ್ನಡದ ಮಾತು ಅದು. ಪಕ್ಕದ ಗೋರಿಗೆ ಗುಮ್ಮಟವಿದೆ, ಸುತ್ತ ಸಣ್ಣಪುಟ್ಟ ಕಬ್ರುಗಳಿವೆ. ಹುಡುಗಿ ಕಂಬದಿಂದ ಕಂಬಕ್ಕೆ ಕೈಯಾಡಿಸುತ್ತಾ ತಿರುಗಿದಳು. “ಇದನ್ನು ನಮಗೆ ತೋರಿಸಲೇ ಇಲ್ಲ” ಎಂದಳು.

ಈ ಮಸೀದಿ ಎದ್ದ ನಾಲ್ಕು ವರ್ಷಕ್ಕೆ, 1443ರಲ್ಲಿ, ತೈಮೂರನ ಮಗ ಶಾರುಖನ ರಾಯಭಾರಿ ಅಬ್ದುರ್ರಝಾಕ್ ಹೆರಾತ್‌ನಿಂದ ಇಲ್ಲಿಗೆ ಬಂದ. ಏಳು ಸುತ್ತಿನ ಕೋಟೆ, ಅರಮನೆಯ ಬಳಿಯ ಬಜಾರುಗಳು, ಬಹಿರಂಗವಾಗಿ ರತ್ನ ಮಾರುವ ವರ್ತಕರು, ಗುಲಾಬಿಯಿಲ್ಲದೆ ಬದುಕಲಾರೆವು ಎಂಬಂತಿದ್ದ ಜನ, ಎಲ್ಲವನ್ನೂ ಬರೆದಿಟ್ಟ. ಅತಿಥಿಯಾದ ತನಗೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ತುಪ್ಪ, ಸಕ್ಕರೆ ಬರುತ್ತಿತ್ತೆಂದೂ ಮರೆಯದೆ ಬರೆದಿದ್ದಾನೆ. ಅಡುಗೆಯವರ ಪಾಡೇನೋ!

ಹಾಗಾದರೆ ಒಡೆದವರು ಯಾರು? ಹುಡುಗಿಗೆ ಸುಳ್ಳು ಹೇಳುವುದು ನನಗೆ ಬೇಕಿರಲಿಲ್ಲ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾದ ಮೇಲೆ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಸೈನ್ಯ ಗೆದ್ದು ಬಂದು ಈ ನಗರವನ್ನು ಸುಲಿದದ್ದು ಸತ್ಯ. ಆದರೆ ಅದಕ್ಕೆ ಮುಂಚಿನ ಸಂಗತಿಯೂ ಅಷ್ಟೇ ಸತ್ಯ. ಆ ನಾಲ್ವರಲ್ಲಿ ಒಬ್ಬನಾದ ಗೋಲ್ಕೊಂಡದ ಇಬ್ರಾಹೀಮ್ ಕುತುಬ್‌ಶಾ ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ಇದೇ ನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದ. ಇನ್ನೊಬ್ಬ ಬಿಜಾಪುರದ ಅಲಿ ಆದಿಲ್‌ಶಾ. ರಾಮರಾಯನ ಮಗ ಸತ್ತಾಗ ಸಂತೈಸಲು ಸ್ವತಃ ಇಲ್ಲಿಗೆ ಬಂದಿದ್ದ, ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳು ಎಂದು ಬಿಜಾಪುರದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಸೋತ ಕಡೆಯ ಸೈನ್ಯದಲ್ಲೂ ಮುಸ್ಲಿಮ್ ಸೈನಿಕರಿದ್ದರು. ಕೋಟೆ, ಸೀಮೆ, ಕಪ್ಪಕಾಣಿಕೆಗಾಗಿ ವರ್ಷಗಟ್ಟಲೆ ನಡೆದ ಜಗಳ ಅದು. ರಾಜಧಾನಿ ಬಿದ್ದ ನಂತರ ಈ ಸೀಮೆಯಲ್ಲಿ ತಲೆಯೆತ್ತಿದ ಪಾಳೆಯಗಾರರಲ್ಲಿ ನಮ್ಮ ಹರಪನಹಳ್ಳಿಯವರೂ ಸೇರಿದ್ದಾರೆ.

ಇಷ್ಟನ್ನೂ ಒಂದು ಕಂಬಕ್ಕೆ ಒರಗಿ ಕುಳಿತು ಹೇಳಿದೆ. ಅವಳಿಗೆ ಎಲ್ಲ ಅರ್ಥವಾಯಿತೆಂದಲ್ಲ. “ಮಗ ಅಂದವಳ ಊರನ್ನೇ ಸುಲಿದನಾ?” ಎಂದು ಕೇಳಿದಳು. ಹೌದು ಎಂದೆ.

ಗೈಡ್‌ಗಳನ್ನು ಪೂರ್ತಿ ದೂರುವ ಮನಸ್ಸಿಲ್ಲ. ಎರಡು ಗಂಟೆಯಲ್ಲಿ ಇಷ್ಟು ದೊಡ್ಡ ನಗರ ತೋರಿಸಬೇಕು, ಬಂದವರು ಕೇಳುವುದೂ ರಥ ಮತ್ತು ಸಂಗೀತದ ಕಂಬಗಳನ್ನೇ. ಆದ್ದರಿಂದ ದರ ಮಾತಾಡುವ ಮುಂಚೆಯೇ ಅಹ್ಮದ್ ಖಾನನ ಮಸೀದಿಯನ್ನೂ ತೋರಿಸಬೇಕೆಂದು ಹೇಳಿಬಿಡಿ. ಹೊಸಪೇಟೆಯಿಂದ ಹಂಪಿಗೆ ಬರುವ ದಾರಿಯ ಕಡಿರಾಂಪುರದಲ್ಲೂ ಎರಡು ಹಳೆಯ ಗೋರಿಗಳಿವೆ, ಆಟೋದವರಿಗೆ ಹೇಳಿದರೆ ನಿಲ್ಲಿಸುತ್ತಾರೆ. ವಿಠ್ಠಲ ದೇವಸ್ಥಾನ, ಕಮಲ ಮಹಲ್, ಕಮಲಾಪುರದ ಮ್ಯೂಸಿಯಮ್ ಮೂರಕ್ಕೂ ಅದೇ ದಿನ ಒಂದೇ ಟಿಕೆಟ್ ನಡೆಯುತ್ತದೆ, ಎಸೆಯಬೇಡಿ. ಮ್ಯೂಸಿಯಮ್‌ನಲ್ಲಿ ಇಡೀ ಹಂಪಿಯ ಮಾದರಿಯಿದೆ, ಮಕ್ಕಳಿಗೆ ಅದನ್ನೇ ಮೊದಲು ತೋರಿಸುವುದು ಒಳ್ಳೆಯದು. ಶುಕ್ರವಾರ ಅದಕ್ಕೆ ರಜೆ. ಬಂಡೆಗಳು ಹತ್ತು ಗಂಟೆಗೇ ಕಾಯುತ್ತವೆ, ಬುರ್ಖಾದಲ್ಲಿ ಇನ್ನೂ ಕಷ್ಟ. ಚಳಿಗಾಲದಲ್ಲಿ ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿಯೇ ಇರಲಿ.